ರೆಪ್ಪೆ ಮಗುಚುವವಳು

ಅವಳನ್ನು ಮೊದಲ ಸಲ ಕಂಡ ದಿನ ಗಡಿಯಾರ ರಿಪೇರಿಯವಳು ಎಂದುಕೊಂಡೆ. ತಲೆಗೆ ಸುತ್ತಿದ ಪಟ್ಟಿಯಿಂದ ಎರಡು ದಪ್ಪ ಗಾಜು ಹಣೆಯ ಮೇಲೆ ಎದ್ದು ನಿಂತಿದ್ದವು. ಪೇಟೆಯ ಗಡಿಯಾರದಂಗಡಿಯವನು ಅಂಥದ್ದನ್ನು ಒಂದು ಕಣ್ಣಿಗೆ ಮಾತ್ರ ಸಿಕ್ಕಿಸಿಕೊಳ್ಳುತ್ತಾನೆ. ಇವಳದು ಎರಡೂ ಕಣ್ಣಿಗೆ. ಹಾಗಾದರೆ ಅವನಿಗಿಂತ ಹೆಚ್ಚು ಕೆಲಸ ಬಲ್ಲವಳಿರಬೇಕು ಎಂದು ಲೆಕ್ಕ ಹಾಕಿದೆ. ನಾನು ಮೆಟ್ಟಿಲ ಮೇಲೆ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದೆ. ಮುಂದೆ ಮಗನ ಹಾಸಿಗೆ ಅಂಗಡಿ, ಹಿಂದೆ ನಮ್ಮ ಮನೆ. ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲರದೂ ಹತ್ತಿಯ ಕೆಲಸವೇ.

“ನಮ್ಮ ಮನೆ ಗಡಿಯಾರ ಚೆನ್ನಾಗೇ ನಡೀತಿದೆಯಮ್ಮ,” ಎಂದೆ.

“ಸಂತೋಷ. ಮಕ್ಕಳ ಕಣ್ಣು ಹೇಗೆ ನಡೀತಿದೆ?” ಎಂದಳು.

ಆಗ ಹೊಳೆಯಿತು, ಇವಳೇ ಅವಳು ಎಂದು. ಕಣ್ಣು ನೋಡುವವರು ಬರುತ್ತಾರೆ ಎಂದು ಹಿಂದಿನ ದಿನವೇ ಆಸ್ಪತ್ರೆಯಿಂದ ಹೇಳಿ ಕಳಿಸಿದ್ದರು. ಚೀಟಿ ಎತ್ತಿ ಬೀದಿಗಳನ್ನು ಆರಿಸುತ್ತಾರಂತೆ, ಈ ಸಲ ನಮ್ಮ ಬೀದಿಯ ಚೀಟಿ ಬಂದಿತ್ತು. ಅವಳ ಹಿಂದೆ ಒಬ್ಬ ದಪ್ಪನೆಯ ಗಂಡಸು ಮೊಬೈಲು ಹಿಡಿದು ನಿಂತಿದ್ದ. ಅವಳು ನೋಡಿ ಹೇಳುವುದು, ಅವನು ಅದನ್ನು ಮೊಬೈಲಿನಲ್ಲಿ ಒತ್ತುವುದು. ಸಂಜೆಯೊಳಗೆ ಬೀದಿಯ ಮಕ್ಕಳು ಇಬ್ಬರಿಗೂ ಹೆಸರಿಟ್ಟಾಗಿತ್ತು. ಅವನು ಒತ್ತಣ್ಣ, ಅವಳು ರೆಪ್ಪೆಯಕ್ಕ.

ಮೊಮ್ಮಗಳನ್ನು ಕರೆದೆ. ಆ ವರ್ಷ ಅವಳಿಗೆ ಕಣ್ಣು ಬರುವುದು, ಹೋಗುವುದು ನಡೆದೇ ಇತ್ತು. ನಾವು ಹೇಳುವುದೇ ಹಾಗೆ. ಕಣ್ಣು ಕೆಂಪಾಗಿ ಗೀಜು ಕಟ್ಟಿದರೆ ಕಣ್ಣು ಬಂತು ಎನ್ನುತ್ತೇವೆ, ಕುರುಡಾದರೆ ಕಣ್ಣು ಹೋಯಿತು ಎನ್ನುತ್ತೇವೆ. ಆ ಬರುವುದರಿಂದ ಈ ಹೋಗುವುದಕ್ಕೆ ಒಂದು ದಾರಿ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

“ಕೆಳಗೆ ನೋಡು ಪುಟ್ಟಿ. ನಿನ್ನ ಕಾಲಲ್ಲಿ ಎಲ್ಲಾ ಬೆರಳೂ ಇವೆಯಾ ನೋಡಿ ಹೇಳು,” ಎಂದಳು ರೆಪ್ಪೆಯಕ್ಕ. ಮೊಮ್ಮಗಳು ನಗುತ್ತಾ ಕೆಳಗೆ ನೋಡಿದಳು. ಅಷ್ಟರಲ್ಲಿ ಮೇಲಿನ ರೆಪ್ಪೆ ಮಗುಚಿಯಾಗಿತ್ತು. ದಿಂಬಿನ ಚೀಲ ಹೊಲಿದ ಮೇಲೆ ಅದರ ಮೂಲೆಯನ್ನು ಬೆರಳಲ್ಲಿ ಒತ್ತಿ ಒಳಗಿನದನ್ನು ಹೊರಕ್ಕೆ ತಿರುವುತ್ತೇವಲ್ಲ, ಹಾಗೆ. ಹುಡುಗಿ ಅಳಲಿಲ್ಲ. ಬೆರಳು ಎಣಿಸಿ ಮುಗಿಯುವ ಮೊದಲೇ ಎರಡೂ ಕಣ್ಣು ನೋಡಿ ಆಗಿತ್ತು.

“ನೋಡ್ತೀರಾ ಅಮ್ಮ?” ಎಂದು ತಲೆಯ ಗಾಜನ್ನು ತೆಗೆದು ನನ್ನ ತಲೆಗೆ ಕಟ್ಟಿದಳು. ಅಷ್ಟು ಮನೆಗೆ ಹೋಗಿ ಬಂದಿದ್ದಾಳೆ, ಯಾರಿಗೂ ಹೀಗೆ ಕಟ್ಟಿರಲಿಕ್ಕಿಲ್ಲ. ನಾನು ಇಣುಕಿ ನೋಡುತ್ತಿದ್ದೆನಲ್ಲ, ಅದಕ್ಕೇ ಇರಬೇಕು. ಮಗುವಿನ ರೆಪ್ಪೆಯನ್ನು ಮತ್ತೆ ಮಗುಚಿ ತೋರಿಸಿದಳು. ಕೆಂಪು ಮಖಮಲ್ಲಿನ ಮೇಲೆ ನೆನೆದ ಸಬ್ಬಕ್ಕಿ ಚೆಲ್ಲಿದ ಹಾಗಿತ್ತು. ಅವಳ ಹೆಬ್ಬೆರಳ ಉಗುರಿನ ಮೇಲೆ ಸಣ್ಣ ಚುಕ್ಕಿಗಳ ಒಂದು ಕಾಗದ ಅಂಟಿಸಿಕೊಂಡಿದ್ದಳು.

“ಈ ಚುಕ್ಕಿಗಿಂತ ದೊಡ್ಡದಿದ್ರೆ ಮಾತ್ರ ಅದು ಕಾಳು. ಚಿಕ್ಕದು ಲೆಕ್ಕಕ್ಕಿಲ್ಲ. ಅಂಥ ಐದು ಕಾಳು ಸಿಕ್ಕಿದ್ರೆ ಕಾಯಿಲೆ ಇದೆ ಅಂತ ಅರ್ಥ,” ಎಂದಳು. “ಕಣ್ಣಿಗೆ ಕಾಣದ ಹುಳ ಇದು. ಕೈ, ಬಟ್ಟೆ, ನೊಣ, ಯಾವುದು ಸಿಕ್ಕಿದ್ರೂ ಅಂಟಿಕೊಂಡು ಪಕ್ಕದ ಮಗೂಗೆ ಹೋಗುತ್ತೆ. ಮುಖ ಒರೆಸೋದು ಯಾವುದ್ರಲ್ಲಿ?”

ನಾನು ಗೋಡೆಯ ಮೊಳೆಯಲ್ಲಿದ್ದ ಟವೆಲು ತೋರಿಸಿದೆ.

“ಎಲ್ಲರಿಗೂ ಇದೊಂದೇನಾ?”

“ಇನ್ನೇನು, ಮುಖಕ್ಕೊಂದು ಮೂಗಿಗೊಂದು ಇಡೋಕೆ ನಾವು ಜವಳಿ ಅಂಗಡಿ ಇಟ್ಟಿದೀವಾ?” ಎಂಬ ಮಾತು ಒಳಗಿನಿಂದ ಬಂತು.

ಅದು ನನ್ನ ನಾದಿನಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದವಳು, ನನ್ನವರು ಹೋದ ಮೇಲೂ ನನ್ನ ಜೊತೆಯೇ ಉಳಿದವಳು. ಅವಳ ಒಂದು ಕಣ್ಣಿಗೆ ಹೂ ಬಿದ್ದು ಪಾಪೆ ಬೆಳ್ಳಗಾಗಿದೆ. ಇರುವುದು ಇನ್ನೊಂದು. ಆ ಒಂದರಲ್ಲೇ ಬೀದಿಯ ಎರಡೂ ತುದಿಯ ಸುದ್ದಿ ನೋಡಿಕೊಳ್ಳುತ್ತಾಳೆ.

ಇಲ್ಲಿ ನಮ್ಮ ಬೀದಿಯ ಒಂದು ಮಾತನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ವಯಸ್ಸಾದ ಹೆಂಗಸರಿಗೆ ಕಣ್ಣಲ್ಲಿ ಮುಳ್ಳು ಬರುತ್ತದೆ. ಮುಳ್ಳು ಎಂದರೆ ರೆಪ್ಪೆಯ ಕೂದಲೇ. ಹೊರಗಿದ್ದರೆ ಅದು ರೆಪ್ಪೆ, ಒಳಕ್ಕೆ ತಿರುಗಿ ಪಾಪೆಗೆ ಚುಚ್ಚಿದರೆ ಮುಳ್ಳು. ಅದನ್ನು ಕೂದಲು ಎಂದು ಯಾರೂ ಕರೆಯುವುದಿಲ್ಲ, ಹಾಗೆ ಕರೆಯಬೇಕೆಂದು ಯಾರಿಗೂ ಹೊಳೆದೂ ಇಲ್ಲ. ಹತ್ತಿಯ ದೂಳು ಬಿದ್ದೂ ಬಿದ್ದೂ ಮುಳ್ಳು ಬೆಳೆಯುತ್ತದೆ ಎಂದು ನಂಬಿದ್ದೆವು. ಅದನ್ನು ಚಿಮ್ಮಟದಲ್ಲಿ ಹಿಡಿದು ಬುಡಸಮೇತ ಕೀಳುವ ಕೆಲಸ ನನ್ನದು. ಹೆಂಗಸರು ಬಂದು ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂರುತ್ತಾರೆ, ನಾನು ತೆಗೆದು ಕಳಿಸುತ್ತೇನೆ. ಕಣ್ಣು ನೋಡುವವರು ಬರುತ್ತಾರೆ ಎಂದು ಸುದ್ದಿ ಬಂದ ದಿನ ಇಡೀ ಬೀದಿಯ ಮುದುಕಿಯರು ನನ್ನ ಮನೆಯಲ್ಲೇ ಇದ್ದರು. ನಾಲ್ಕು ಜನ ಬಂದು ನೋಡುವಾಗ ಮನೆ ಗುಡಿಸಿರಬೇಕು, ಮಕ್ಕಳ ತಲೆ ಬಾಚಿರಬೇಕು, ಕಣ್ಣಲ್ಲಿ ಮುಳ್ಳಿರಬಾರದು. ಒಂದೂ ಬಿಡದೆ ಚೊಕ್ಕ ಮಾಡಿ ಕಳಿಸಿದ್ದೆ.

ಹಾಗಾಗಿ ರೆಪ್ಪೆಯಕ್ಕ ನಾದಿನಿಯ ಎದುರು ಕೂತು ಟಾರ್ಚು ಬಿಟ್ಟು ಎಷ್ಟು ನೋಡಿದರೂ ಒಂದೂ ಸಿಗಲಿಲ್ಲ.

“ಅಜ್ಜಿ, ಕೂದಲು ಏನಾದ್ರೂ ಕೀಳ್ತೀರಾ?” ಎಂದು ಕೇಳಿದಳು.

ನಾದಿನಿ ನನ್ನ ಕಡೆ ತಿರುಗಿದಳು. “ಕೇಳಿದ್ಯಾ ಅತ್ತಿಗೆ? ನಾವು ಜಡೆ ಜಗಳ ಆಡ್ತೀವಾ ಅಂತ ವಿಚಾರಿಸ್ತಿದಾಳೆ.” ಆಮೇಲೆ ಅವಳಿಗೆ, “ಆಡ್ತಿದ್ವಮ್ಮ ಒಂದು ಕಾಲದಲ್ಲಿ. ಈಗ ಕೀಳೋಣ ಅಂದ್ರೆ ಇಬ್ಬರ ತಲೇಲೂ ಏನಿದೆ ಮಣ್ಣು.”

ಒತ್ತಣ್ಣ ನಕ್ಕುಬಿಟ್ಟ. “ಇಲ್ಲ ಅಂತ ಒತ್ಲಾ?” ಎಂದ.

“ಒತ್ತಿ,” ಎಂದಳು. ಆಮೇಲೆ ನಾದಿನಿಯ ರೆಪ್ಪೆ ಮಗುಚಿದಳು. ಮಗುಚಿದವಳು ಹಾಗೇ ಕೂತಳು. “ಒಳಗೆ ಇಷ್ಟು ಬಿಳಿ ಗೆರೆ ಇದೆ,” ಎಂದು ತನಗೆ ತಾನೇ ಹೇಳಿಕೊಂಡಳು. ರೆಪ್ಪೆ ಬಿಟ್ಟು ಹೊರಗಿನ ಅಂಚನ್ನು ಮತ್ತೆ ನೋಡಿದಳು. ನನ್ನದನ್ನೂ ನೋಡಿದಳು, ನನಗೆ ಒಂದೆರಡು ಗೆರೆ ಮಾತ್ರ ಇದ್ದವಂತೆ. ಪಕ್ಕದ ಮನೆಗೆ ಹೋಗಿ ಅಲ್ಲಿಯೂ ಅದೇ ಮಾತು ಆಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಬೀದಿಯ ಕೊನೆ ಮುಟ್ಟಿದ ಮೇಲೆ ಒತ್ತಣ್ಣ ನೀರು ಕುಡಿಯುತ್ತಾ ನಿಂತಿದ್ದ, ಇವಳು ಮಾತ್ರ ಬಂದ ಬೀದಿಯನ್ನೇ ತಿರುಗಿ ನೋಡುತ್ತಿದ್ದಳು. ಏನನ್ನೋ ಮರೆತು ಬಂದವಳ ಹಾಗೆ.

ಕೆಲವು ವಾರ ಕಳೆದ ಮೇಲೆ ಒಬ್ಬಳು ಹೆಂಗಸು ಹಳೇ ದಿಂಬು ಕಂಕುಳಲ್ಲಿಟ್ಟುಕೊಂಡು ಬಂದಳು. ಗಾಜಿಲ್ಲದ ಮುಖ ನನಗೆ ಗುರುತು ಹತ್ತಲಿಲ್ಲ. “ಹತ್ತಿ ಗಂಟುಗಂಟಾಗಿದೆ, ಬಿಡಿಸಿ ತುಂಬಿ ಕೊಡ್ತೀರಾ?” ಎಂದಾಗ ದನಿಯಿಂದ ತಿಳಿಯಿತು. ಆ ದಿನ ರಜೆಯಂತೆ. ದಿಂಬು ನೆಪ ಎಂದು ಮುಟ್ಟಿದೊಡನೆ ಗೊತ್ತಾಯಿತು. ಅದರಲ್ಲಿ ಗಂಟೇ ಇರಲಿಲ್ಲ. ಹೇಳಲಿಲ್ಲ, ಕೂರಿಸಿದೆ.

ಕೂತವಳು ಕೇಳಲು ಶುರು ಮಾಡಿದಳು. ಹೇಳುವುದಕ್ಕಿಂತ ಕೇಳುವುದೇ ಅವಳ ಜಾಯಮಾನ. ಹತ್ತಿ ಎಲ್ಲಿಂದ ಬರುತ್ತೆ, ನೀರು ಯಾರು ತರ್ತಾರೆ, ಮಕ್ಕಳು ಯಾರ ಜೊತೆ ಮಲಗ್ತಾರೆ. ನಾನೂ ಬಿಡಲಿಲ್ಲ, ಒಂದಕ್ಕೊಂದು ಕೇಳಿದೆ. ಹಾಗೆ ಅವಳ ಕತೆ ಬಂತು.

ಮದುವೆಗೆ ಮುಂಚೆಯಿಂದ ಬಟ್ಟೆ ಗಿರಣಿಯಲ್ಲಿದ್ದಳಂತೆ. ನೇಯ್ದು ಬಂದ ಥಾನುಗಳನ್ನು ದೀಪದ ಮೇಲೆ ಎಳೆದು, ಎಲ್ಲಿ ಎಳೆ ತಪ್ಪಿದೆ ಎಂದು ಹುಡುಕುವ ಕೆಲಸ. ಗಿರಣಿ ಮುಚ್ಚಿತು. ಆಸ್ಪತ್ರೆಯಲ್ಲಿ ಬಾಗಿಲು ಕಾಯುವ ಕೆಲಸ ಸಿಕ್ಕಿತು. ಈ ರೆಪ್ಪೆಯ ಕೆಲಸಕ್ಕೆ ಜನ ಬೇಕು ಎಂದಾಗ ಪರೀಕ್ಷೆಗೆ ಕೂತಳು. ಒಂದು ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದೊಡ್ಡ ಡಾಕ್ಟರು ನೋಡಿದ್ದನ್ನೇ ಇವರೂ ನೋಡಿ ಹೇಳಬೇಕು. ಇಬ್ಬರ ಮಾತೂ ಹೊಂದಬೇಕು. ಮೊದಲ ಸಲ ನಪಾಸಾದಳು.

“ಕಾಣಲಿಲ್ವಾ?” ಎಂದೆ.

“ಜಾಸ್ತಿ ಕಂಡುಬಿಡ್ತು ಅಮ್ಮ. ಗಿರಣೀಲಿ ಎಳೆ ನೋಡಿದ ಕಣ್ಣು. ಚುಕ್ಕಿಗಿಂತ ಸಣ್ಣದನ್ನೂ ಕಾಳು ಅಂದೆ. ಡಾಕ್ಟ್ರು, ನೀನು ಹೀಗೆ ನೋಡಿದ್ರೆ ಭೂಮಿ ಮೇಲೆ ಇರೋರಿಗೆಲ್ಲಾ ಔಷಧಿ ಕೊಡಬೇಕಾಗುತ್ತೆ ಅಂದ್ರು. ಎಲ್ಲಿಗೆ ನಿಲ್ಲಿಸಬೇಕು ಅಂತ ಕಲಿಯೋದೇ ಕಷ್ಟವಾಯ್ತು.”

ಎರಡನೆಯ ಸಲ ಪಾಸಾದಳು. ಮನೆಯಲ್ಲಿ ಎಲ್ಲರ ಮೇಲೂ ಅಭ್ಯಾಸ ಮಾಡಿದ್ದಳಂತೆ. ಮಗಳ ರೆಪ್ಪೆಯನ್ನು ನಿದ್ದೆಯಲ್ಲೂ ಮಗುಚಿದ್ದಾಳೆ. ಗಂಡ ಬಸ್ ಕಂಡಕ್ಟರು, ರಸಿಕ. ಒಂದು ಸಂಜೆ, “ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಷ್ಟು ಕಾಲ ಆಯ್ತೇ,” ಎಂದನಂತೆ. “ಬೆಳಿಗ್ಗೆ ತಾನೆ ನೋಡಿದ್ನಲ್ಲ, ಕಾಳಿಲ್ಲ,” ಎಂದಳಂತೆ ಇವಳು.

ನಾವು ನಗುತ್ತಿರುವಾಗ ಮೂಲೆ ಮನೆಯವಳು ಬಾಗಿಲಿಗೆ ಬಂದಳು. “ಇದೀಯಾ? ಮುಳ್ಳು ಪ್ರಾಣ ತಿಂತಿದೆ. ಕೈ ಬಿಡುವಾದಾಗ ಹೇಳಿ ಕಳಿಸು,” ಎಂದು ಹೋದಳು. ಅವಳ ಹಿಂದೆಯೇ ಎದುರು ಮನೆಯ ಅಜ್ಜಿ ಬಂದು, “ನಂದೂ ಒಂದಿದೆ,” ಎಂದು ಹೇಳಿ ಹೋದಳು.

ರೆಪ್ಪೆಯಕ್ಕ ಇಬ್ಬರ ಕಾಲನ್ನೂ ನೋಡಿದಳು. “ಚಪ್ಪಲಿ ಹಾಕಿದಾರಲ್ಲ,” ಎಂದಳು. ಬೀದಿಯನ್ನು ನೋಡಿದಳು. “ಈ ಬೀದಿ ಪೂರಾ ಸಿಮೆಂಟು. ಒಂದು ಗಿಡ ಇಲ್ಲ. ಇಷ್ಟು ಜನಕ್ಕೆ ಮುಳ್ಳು ಎಲ್ಲಿಂದ ಬರುತ್ತೆ ಅಮ್ಮ?”

“ಹತ್ತಿಯಿಂದ,” ಎಂದೆ.

“ಹತ್ತೀಲಿ ಮುಳ್ಳಿರುತ್ತಾ?”

“ಹತ್ತೀಲಿರಲ್ಲ. ಅದರ ದೂಳು ಬಿದ್ದು ಬಿದ್ದು ಬೆಳೆಯುತ್ತೆ.”

“ಬೆಳೆಯುತ್ತಾ? ಎಲ್ಲಿ?”

“ಇನ್ನೆಲ್ಲಿ ಬೆಳೆಯುತ್ತೆ, ಕಣ್ಣಲ್ಲಿ.”

ಅವಳು ತೊಡೆಯ ಮೇಲಿದ್ದ ದಿಂಬನ್ನು ಕೆಳಗಿಟ್ಟಳು. ಆಮೇಲೆ ಬಹಳ ಮೆಲ್ಲಗೆ, “ನಾನು ಕೂತು ನೋಡಬಹುದಾ?” ಎಂದಳು.

ಮೂಲೆ ಮನೆಯವಳನ್ನು ಕರೆಸಿದೆ. ಕಿಟಕಿಯ ಹತ್ತಿರ ಕೂರಿಸಿ, ಎಡಗೈಯಲ್ಲಿ ರೆಪ್ಪೆಯ ಚರ್ಮ ಎಳೆದು ಹಿಡಿದು, ಚಿಮ್ಮಟ ಇಳಿಸಿ, ಒಂದೇ ಸಲಕ್ಕೆ ತೆಗೆದೆ. ತೆಗೆದದ್ದನ್ನು ಬಿಳಿ ಬಟ್ಟೆಯ ಮೇಲೆ ಇಡುವುದು ನನ್ನ ಪದ್ಧತಿ, ಬುಡ ಬಂದಿದೆಯೋ ಇಲ್ಲವೋ ಕಾಣಬೇಕಲ್ಲ. ರೆಪ್ಪೆಯಕ್ಕ ಆ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳು ನೋಡಿದ್ದು ಮುಳ್ಳನ್ನಲ್ಲ, ಕೂದಲನ್ನು.

ಅವತ್ತು ಅವಳು ಹೇಳಿದ್ದರಿಂದ ಕಣ್ಣು ಬರುವುದರಿಂದ ಕಣ್ಣು ಹೋಗುವುದಕ್ಕಿರುವ ದಾರಿ ನನಗೆ ತಿಳಿಯಿತು. ಮಕ್ಕಳ ಕಣ್ಣಿನ ಕಾಳು ಮಾಗಿ ಹೋಗುತ್ತದೆ, ಮತ್ತೆ ಬರುತ್ತದೆ. ಬಂದು ಹೋದಲ್ಲೆಲ್ಲಾ ರೆಪ್ಪೆಯ ಒಳಗೆ ಕಲೆ ಉಳಿಯುತ್ತದೆ. ಅದೇ ಬಿಳಿ ಗೆರೆ. ವರ್ಷಗಟ್ಟಲೆ ಮಕ್ಕಳ ಮೂಗು ಮುಖ ಒರೆಸುವವರು ಹೆಂಗಸರೇ, ಅದಕ್ಕೇ ಗೆರೆಯೂ ಹೆಂಗಸರಿಗೇ ಹೆಚ್ಚು. ಹೊಲಿಗೆ ಬಿಗಿಯಾದರೆ ಬಟ್ಟೆಯ ಅಂಚು ಒಳಕ್ಕೆ ಸುರುಟುವುದಿಲ್ಲವೇ, ಹಾಗೆ ಆ ಗೆರೆಗಳು ಬಿಗಿದುಕೊಂಡಾಗ ರೆಪ್ಪೆಯ ಅಂಚು ಒಳಕ್ಕೆ ತಿರುಗುತ್ತದೆ. ಆಗ ಕೂದಲು ಚುಚ್ಚುತ್ತದೆ. ಚುಚ್ಚಿ ಚುಚ್ಚಿ ಹೂ ಬೀಳುತ್ತದೆ. ಹತ್ತಿಗೂ ಇದಕ್ಕೂ ಸಂಬಂಧವಿಲ್ಲ.

“ಬೇರೆ ಬೀದೀಲಿ ಗೆರೆ ಕಮ್ಮಿ, ಅಲ್ಲೂ ಕೂದಲು ಸಿಕ್ತು. ಇಲ್ಲಿ ಗೆರೆ ರಾಶಿ, ಒಂದು ಕೂದಲಿಲ್ಲ. ಇದು ಹೇಗೆ ಅಂತ ನನಗೆ ನಿದ್ದೆ ಬರ್ತಿರಲಿಲ್ಲ,” ಎಂದಳು. ಆಮೇಲೆ ಮುಖ ಸಪ್ಪಗಾಯಿತು. “ನಾನು ಈ ಬೀದಿಗೆ ಇಲ್ಲ ಅಂತ ಒತ್ತಿಸಿಬಿಟ್ಟೆ.”

ಇಲ್ಲ ಎಂದು ಒತ್ತಿದರೆ ಏನಾಗುತ್ತದೆ ಎಂದು ಕೇಳಿದೆ. ರೆಪ್ಪೆಯನ್ನು ಹೊರಕ್ಕೆ ತಿರುಗಿಸುವ ಸಣ್ಣ ಆಪರೇಷನ್ ಇದೆಯಂತೆ. ಕೂದಲು ಚುಚ್ಚುವವರು ಇಷ್ಟಕ್ಕಿಂತ ಹೆಚ್ಚು ಇದ್ದಾರೆ ಎಂದು ಲೆಕ್ಕದಲ್ಲಿ ಬಂದರೆ ಡಾಕ್ಟರ ವ್ಯಾನು ಆ ಕಡೆಗೇ ಬರುತ್ತದೆ. ಕಡಿಮೆ ಬಂದರೆ ಬರುವುದಿಲ್ಲ, ಬೇಕಾದವರು ದೊಡ್ಡಾಸ್ಪತ್ರೆಗೆ ಹೋಗಬೇಕು.

ಅವಳು ನಾದಿನಿಯ ಕಡೆ ತಿರುಗಿ, “ಅಜ್ಜಿ, ನಿಮ್ಮನ್ನ ನಾನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ನಾಳೇನೇ ಹೋಗಬಹುದು,” ಎಂದಳು.

“ಬೇಡಮ್ಮ ತಾಯಿ. ನನ್ನ ಯಜಮಾನ್ರು ದೊಡ್ಡಾಸ್ಪತ್ರೆಗೆ ನಡ್ಕೊಂಡು ಹೋದ್ರು, ಹೊತ್ಕೊಂಡು ತಂದ್ರು. ನಾನು ಹೋಗಲ್ಲ.”

“ಇಲ್ಲೇ ಬಂದು ಮಾಡಿದ್ರೆ?”

“ಇಲ್ಲೇ ಬಂದು ಮಾಡ್ತಾರಾದ್ರೆ ಮಾಡಿಸ್ಕೋತೀನಿ,” ಎಂದಳು ನಾದಿನಿ ಧಾರಾಳವಾಗಿ. ವ್ಯಾನು ಬರುವುದಿಲ್ಲ ಎಂದು ಈಗಷ್ಟೇ ಕೇಳಿಸಿಕೊಂಡಿದ್ದಳಲ್ಲ. “ಅಲ್ಲೀವರೆಗೂ ನನ್ನ ಅತ್ತಿಗೆ ಇದಾಳೆ.”

ಅತ್ತಿಗೆಯ ಕೈ ಹೇಗಿದೆ ಎಂದು ಅತ್ತಿಗೆಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸಲು ಆಗಲೇ ಮೊಮ್ಮಗಳನ್ನು ಕರೆಯುತ್ತಿದ್ದೆ. ನಾದಿನಿಯ ಆ ಒಂದು ಕಣ್ಣು ಇನ್ನು ಎಷ್ಟು ಕಾಲ ನನ್ನ ಚಿಮ್ಮಟದ ಮೇಲೆ ನಿಲ್ಲುತ್ತದೆ ಎಂದು ಯೋಚಿಸುತ್ತಾ ಚಿಮ್ಮಟವನ್ನು ಸೆರಗಿನಲ್ಲಿ ಒರೆಸಿದೆ. ರೆಪ್ಪೆಯಕ್ಕ ಅದನ್ನೂ ನೋಡಿದಳು ಎಂದು ಕಾಣುತ್ತದೆ. ಬುದ್ಧಿ ಹೇಳಲಿಲ್ಲ. “ಕಿತ್ತ ಮೇಲೆ ಮತ್ತೆ ಬರೋದು ಮೊದಲಿನ ಹಾಗೇ ಇರುತ್ತಾ?” ಎಂದು ಮಾತ್ರ ಕೇಳಿದಳು.

“ಇಲ್ಲ,” ಎಂದೆ. “ಮೋಟಾಗಿ, ಗಡುಸಾಗಿ ಬರುತ್ತೆ. ಬ್ರಷ್ ಥರ.”

ನಾದಿನಿ ಅದನ್ನು ಕೇಳಿಸಿಕೊಂಡಳು, ಕೇಳಿಸದವಳ ಹಾಗೆ ಎದ್ದು ಹೋದಳು.

ಮರುದಿನ ರೆಪ್ಪೆಯಕ್ಕ ಡಾಕ್ಟರ ಮುಂದೆ ಹೋಗಿ ನಿಂತದ್ದನ್ನು ಒತ್ತಣ್ಣ ಆಮೇಲೆ ನಮಗೆ ಹೇಳಿದ. “ಸರ್, ನಾನು ಸರಿಯಾಗೇ ನೋಡಿದೆ, ತಪ್ಪಾಗಿ ಕೇಳಿದೆ, ಅಂದ್ಲು,” ಎಂದ. ಡಾಕ್ಟರು ಬೈಯಲಿಲ್ಲವಂತೆ. ಆದರೆ ವಯಸ್ಸಾದವರ ರೆಪ್ಪೆಯ ಕೂದಲು ತಾನಾಗಿಯೂ ಉದುರಿರುತ್ತದೆ, ಕಿತ್ತದ್ದೇ ಎಂದು ನಾನು ಹೇಗೆ ನಂಬಲಿ, ಮುಂದಿನ ವಾರ ಬಂದು ಕಣ್ಣಾರೆ ನೋಡುತ್ತೇನೆ ಎಂದರಂತೆ. ಕಣ್ಣಾರೆ ನೋಡಬೇಕಾದರೆ ಕಣ್ಣಲ್ಲಿ ಇರಬೇಕು. ಅಂದರೆ ನಾನು ಅಲ್ಲಿಯವರೆಗೆ ಕೀಳಬಾರದು.

ರೆಪ್ಪೆಯಕ್ಕ ಮನೆಮನೆಗೆ ಹೋಗಿ ಕೇಳಿಕೊಂಡಳು. ಹೇಳಲು ಅವಳಿಗೇ ಸಂಕಟ. ಪಾಪೆಯ ಮಧ್ಯಕ್ಕೆ ತಾಗುವವರು ಬೇಡ, ಅಂಚಿನಲ್ಲಿ ಒಂದೋ ಎರಡೋ ಇರುವವರು ಮಾತ್ರ ತಡೆದುಕೊಳ್ಳಿ ಎಂದು ಹೇಳಿ, ಹಚ್ಚಲು ಮುಲಾಮು ಕೊಟ್ಟಳು. ಈ ಸಲ ಕೂದಲು ಎನ್ನಲಿಲ್ಲ, ಮುಳ್ಳು ಎಂದಳು. ಎಲ್ಲರಿಗೂ ಒಂದೇ ಮಾತಿಗೆ ಅರ್ಥವಾಯಿತು. ಕೊನೆಗೆ ನಮ್ಮ ಮನೆಗೆ ಬಂದು, “ಈ ಅಜ್ಜಿಯದು ಮಾತ್ರ ಕಿತ್ತೇ ಇರಲಿ,” ಎಂದಳು.

ನಾದಿನಿಗೆ ರೇಗಿತು. “ಯಾಕೆ, ನಾನು ಲೆಕ್ಕಕ್ಕೆ ಬರಲ್ವಾ? ಈ ಬೀದೀಲಿ ನನಗಿಂತ ಜಾಸ್ತಿ ಮುಳ್ಳು ಯಾರಿಗಿದೆ ತೋರಿಸು. ಮೂಲೆ ಮನೆಯೋಳದ್ದು ಬರೀ ಎರಡು, ಅವಳ ಜಂಬ ನೋಡಬೇಕು.”

“ನಿಮಗಿರೋದು ಒಂದೇ ಕಣ್ಣು ಅಜ್ಜಿ.”

“ಇನ್ನೊಂದು ಸುಮ್ನೆ ಕೂತಿದೆಯಲ್ಲ, ಅದು ಕೆಲಸ ಮಾಡಲಿ.”

ರೆಪ್ಪೆಯಕ್ಕ ಅವಳನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು. ಹಾಗೆ, ಹೂ ಬಿದ್ದ ಕಣ್ಣಿನ ಮುಳ್ಳನ್ನು ಬಿಟ್ಟು, ಕಾಣುವ ಕಣ್ಣಿನದನ್ನು ಕೀಳುವುದು ಎಂದಾಯಿತು.

ಆ ವಾರ ನಮ್ಮ ಬೀದಿಯ ಹೆಂಗಸರೆಲ್ಲಾ ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡದ್ದೇ ಕೆಲಸ. ಹತ್ತಿಯ ಮೂಟೆ ತಂದ ಗಾಡಿಯವನು ಗಾಬರಿಯಾಗಿ ತಲೆಯ ಟೋಪಿ ತೆಗೆದು, “ಯಾರು ಹೋದ್ರು?” ಎಂದು ಪಿಸುಗುಟ್ಟಿದ. “ಯಾರೂ ಹೋಗಿಲ್ಲ ಕಣಪ್ಪ, ಡಾಕ್ಟ್ರು ಬರಬೇಕು,” ಎಂದಳು ನಾದಿನಿ. ಅವನಿಗೆ ಇನ್ನೂ ಗಾಬರಿಯಾಯಿತು.

ಎಲ್ಲರಿಗೂ ನಗು, ನನಗೆ ಬರಲಿಲ್ಲ. ಆ ಬೆಳಿಗ್ಗೆ ನಾದಿನಿಯ ಒಳ್ಳೆಯ ಕಣ್ಣಿನ ಮುಳ್ಳು ತೆಗೆಯುವಾಗ ನನ್ನ ಕೈ ಅಲುಗಿತ್ತು. ಮುಳ್ಳು ಬುಡದಿಂದ ಬರದೆ ನಡುವೆ ತುಂಡಾಯಿತು. ಉಳಿದ ಮೋಟು ನನಗೆ ಕಾಣಲಿಲ್ಲ, ಅವಳಿಗೆ ಮಾತ್ರ ಮಿಟುಕಿಸಿದಾಗಲೆಲ್ಲಾ ಗೀರುತ್ತಿತ್ತು. ಗಾಡಿಯವನ ಮುಂದೆ ಜೋರು ಮಾಡಿದವಳು ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತಳು. “ನಿನ್ನ ಕೈ ಇದ್ದಕ್ಕಿದ್ದ ಹಾಗೆ ಮುದಿಯಾಯ್ತಲ್ಲ ಅತ್ತಿಗೆ,” ಎಂದಳು. ಅದರಲ್ಲಿ ಕೊಂಕಿರಲಿಲ್ಲ.

ರೆಪ್ಪೆಯಕ್ಕನಿಗೆ ಹೇಳಿ ಕಳಿಸಿದೆ. ಕೆಲಸ ಮುಗಿಸಿ ಬಂದವಳು ಗಾಜು ಕಟ್ಟಿಕೊಂಡು ಮೋಟನ್ನು ಹುಡುಕಿ ತೆಗೆದಳು. ನಾದಿನಿ ಅವಳ ಮಣಿಕಟ್ಟು ಹಿಡಿದುಕೊಂಡಳು. “ಒಂದು ನಿಜ ಹೇಳು. ಇರೋದೊಂದು ಕಣ್ಣು. ಆಪರೇಷನ್ನಲ್ಲಿ ಹೆಚ್ಚುಕಮ್ಮಿ ಆದ್ರೆ ಏನ್ ಗತಿ?”

ಏನೂ ಆಗುವುದಿಲ್ಲ ಎನ್ನುತ್ತಾಳೆ ಎಂದು ನಾನು ಕಾದೆ. ಹಾಗೆ ಅವಳು ಹೇಳಲಿಲ್ಲ. “ಕೆಲವರಿಗೆ ಮತ್ತೆ ತಿರುಗುತ್ತೆ ಅಜ್ಜಿ, ಇನ್ನೊಮ್ಮೆ ಮಾಡಬೇಕಾಗುತ್ತೆ. ಆದ್ರೆ ಏನೂ ಮಾಡದೇ ಬಿಟ್ರೆ ಏನಾಗುತ್ತೆ ಅಂತ ನಿಮಗನ್ಸುತ್ತೆ?”

ನಾದಿನಿ ಹೂ ಬಿದ್ದ ಕಣ್ಣಿನ ಮೇಲೆ ಬೆರಳಿಟ್ಟು ಕೂತಳು.

ಡಾಕ್ಟರು ಬಂದರು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಅವರೂ ಗಾಜು ಕಟ್ಟಿದರು. ಒಂದು ಮನೆ, ಎರಡು ಮನೆ ನೋಡುವ ತನಕ ಸುಮ್ಮನಿದ್ದರು. ಮೂರನೆಯ ಮನೆಯಲ್ಲಿ ಒತ್ತಣ್ಣನ ಕಡೆ ತಿರುಗಿ ತಾವೇ ಹೇಳಿ ಒತ್ತಿಸತೊಡಗಿದರು. ನಾದಿನಿಯ ಬಿಳಿ ಕಣ್ಣಿನ ಮುಂದೆ ಬಹಳ ಹೊತ್ತು ಕೂತರು. ಆಮೇಲೆ ನನ್ನ ಚಿಮ್ಮಟ ಕೇಳಿ ಪಡೆದು, ತುದಿ ಕೂಡಿಸಿ ಬೆಳಕಿಗೆ ಹಿಡಿದು ನೋಡಿ, “ಚೆನ್ನಾಗಿ ಕೂಡುತ್ತೆ,” ಎಂದು ವಾಪಸು ಕೊಟ್ಟರು. ಹೋಗುವಾಗ ರೆಪ್ಪೆಯಕ್ಕನಿಗೆ, “ಎಲ್ಲಾ ಕಡೆ ಇದಕ್ಕೆ ಮುಳ್ಳು ಅಂತಾನೇ ಅಂತಾರಾ?” ಎಂದು ಕೇಳಿದರು. “ಗೊತ್ತಿಲ್ಲ ಸರ್, ಕೇಳಬೇಕು,” ಎಂದಳು.

ಮೊದಲು ಔಷಧಿ ಬಂತು. ಕಾಳಿದ್ದವರಿಗೆ, ಇಲ್ಲದವರಿಗೆ, ಇಡೀ ಬೀದಿಗೆ. ಗೋಡೆಗೆ ಅಳತೆಯ ಕೋಲು ನಿಲ್ಲಿಸಿ, ಎತ್ತರ ನೋಡಿ ಮಾತ್ರೆ ಕೊಡುತ್ತಾರೆ. “ನಾನು ಕುಗ್ಗಿಹೋಗಿದೀನಿ ಕಣಮ್ಮ. ಮುಂಚೆ ಬಂದಿದ್ರೆ ಇನ್ನೊಂದು ಮಾತ್ರೆ ಸಿಗ್ತಿತ್ತು,” ಎಂದು ನಾದಿನಿ ಕೋಲಿನ ಮುಂದೆ ನಿಂತು ಕತ್ತು ಉದ್ದ ಮಾಡಿದಳು. ನನ್ನ ಸೊಸೆ ಮಕ್ಕಳಿಗೆ ಬೇರೆ ಬೇರೆ ಟವೆಲು ಮಾಡಿ ಬೇರೆ ಬೇರೆ ಮೊಳೆ ಹೊಡೆದಳು. ಮಕ್ಕಳು ಅದಲುಬದಲು ಮಾಡುವುದು, ಅವಳು ಕೂಗುವುದು, ಈಗಲೂ ನಡೆದಿದೆ.

ಅದಾದ ಮೇಲೆ ವ್ಯಾನು ಬಂತು. ಬೀದಿಯ ಕೊನೆಯ ಶಾಲೆಯ ಕೋಣೆಯೊಂದರಲ್ಲಿ ಬೆಂಚು ತೆಗೆದು ಮಂಚ ಹಾಕಿದರು. ಇಲ್ಲೇ ಬಂದರೆ ಮಾಡಿಸಿಕೊಳ್ಳುತ್ತೇನೆ ಎಂದು ಧಾರಾಳವಾಗಿ ಹೇಳಿದವಳು ಬೆಳಿಗ್ಗೆಯಿಂದ ಹೊಟ್ಟೆನೋವು, ತಲೆನೋವು, ಸೊಂಟನೋವು ಎಲ್ಲವನ್ನೂ ತಂದುಕೊಂಡಳು. ರೆಪ್ಪೆಯಕ್ಕ ಬಾಗಿಲಿಗೆ ಬಂದು ನಿಂತಳು. ಕರೆಯಲಿಲ್ಲ, ಒತ್ತಾಯ ಮಾಡಲಿಲ್ಲ. “ಅಜ್ಜಿ, ಮೂಲೆ ಮನೆಯೋರು ಮೊದಲು ಹೋಗ್ತಾರಂತೆ, ಹೋಗ್ಲಾ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?”

“ಅವಳಿಗಿರೋದು ಎರಡು ಮುಳ್ಳು,” ಎಂದು ನಾದಿನಿ ಚಪ್ಪಲಿ ಹುಡುಕಿದಳು.

ಮಂಚದ ಒಂದು ಪಕ್ಕ ನಾನು ಕೈ ಹಿಡಿದು ಕೂತೆ. ತಲೆಯ ಕಡೆ ರೆಪ್ಪೆಯಕ್ಕ ದೀಪ ಹಿಡಿದಳು. ಇಂಜೆಕ್ಷನ್ ಕೊಡುವಾಗ ನಾದಿನಿ ನನ್ನ ಕೈ ಹಿಸುಕಿದ ರಭಸಕ್ಕೆ ಬೆರಳ ನೆಟಿಗೆ ಮುರಿಯಿತು. ಆಮೇಲೆ ಅವಳಿಗೆ ನೋವಾಗಲಿಲ್ಲ. ನಾನು ಹೊಲಿಗೆಯನ್ನು ನೋಡಿದೆ. ರೆಪ್ಪೆಯನ್ನು ಒಳಗಿನಿಂದ ಗೀರಿ, ಅಂಚನ್ನು ಹೊರಕ್ಕೆ ತಿರುವಿ, ಸಣ್ಣ ಟಾಕೆ ಹಾಕಿದರು. ನಾವು ಹಾಸಿಗೆಯ ಅಂಚು ಮಡಿಸುವ ಹೊಲಿಗೆಗೆ ಬಹಳ ಹತ್ತಿರ, ದಾರ ಮಾತ್ರ ಕಾಣದಷ್ಟು ಸಣ್ಣದು.

ಮರುದಿನ ಪಟ್ಟಿ ಬಿಚ್ಚಿದರು. ರೆಪ್ಪೆ ಊದಿತ್ತು. ನಾದಿನಿ ಮೊದಲು ಕಣ್ಣು ತೆರೆಯಲೇ ಇಲ್ಲ. ತೆರೆದು, ಒಮ್ಮೆ ಮಿಟುಕಿಸಿ, ಮುಖ ಬಿಗಿಹಿಡಿದಳು. ಮತ್ತೆ ಮಿಟುಕಿಸಿದಳು. ಚುಚ್ಚುತ್ತದೆ ಎಂದು ಕಾದಿದ್ದಳು, ಚುಚ್ಚಲಿಲ್ಲ. ಮತ್ತೂ ಒಮ್ಮೆ ನೋಡಿದಳು.

“ಹೇಗಿದೆ?” ಎಂದೆ.

“ಜಾಸ್ತಿ ಏನೂ ಕಾಣಿಸ್ತಿಲ್ಲ, ಮುಂಚಿನಷ್ಟೇ,” ಎಂದಳು. “ಆದ್ರೆ ಯಾರೋ ಜಗಳ ನಿಲ್ಲಿಸಿದ ಹಾಗಿದೆ.”

ಆ ಕಣ್ಣು ಈಗಲೂ ಇದೆ. ಚಳಿಗಾಲಕ್ಕೆ ಮುಂಚೆ ರೆಪ್ಪೆಯಕ್ಕ ಒಂದು ಮಧ್ಯಾಹ್ನ ಬಂದಳು. ನಾದಿನಿಯ ಟಾಕೆಯ ಜಾಗವನ್ನು ಗಾಜು ಕಟ್ಟಿ ನೋಡಿದಳು, ಒಂದು ಕೂದಲೂ ಒಳಕ್ಕೆ ತಿರುಗಿಲ್ಲ ಎಂದಳು. ಮೊಮ್ಮಗಳ ರೆಪ್ಪೆ ಮಗುಚಿದಳು. ಎರಡು ಕಾಳು ಉಳಿದಿದ್ದವು, ಅವೂ ಚುಕ್ಕಿಗಿಂತ ಸಣ್ಣವು. ಲೆಕ್ಕಕ್ಕಿಲ್ಲ.

“ಮುಂದಿನ ವಾರದಿಂದ ನದಿಯಾಚೆ ಕೆಲಸ,” ಎಂದಳು. “ನಿಮ್ಮ ತವರು ಅಲ್ಲೇ ಅಲ್ವಾ?”

ಹೌದೆಂದೆ. ಅಲ್ಲಿ ಹತ್ತಿ ಇಲ್ಲ, ಎಲ್ಲಾ ಕಲ್ಲು ಒಡೆಯುವವರು ಎಂದೆ. ನನ್ನ ಅಮ್ಮ ಕೊನೆಗಾಲದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದಳು, ಅಲ್ಲಿ ಹಾಗೆ ನಡೆಯುವವರು ಬಹಳ ಜನ ಎಂದೂ ಹೇಳಿದೆ.

“ಹಾಗಾದ್ರೆ ಅಲ್ಲಿ ಮುಳ್ಳು ಅಂದ್ರೆ ಅವರು ಕಾಲು ತೋರಿಸ್ತಾರೆ,” ಎಂದು ನಾದಿನಿ ಒಳಗಿನಿಂದ ನಕ್ಕಳು.

ರೆಪ್ಪೆಯಕ್ಕ ನಗಲಿಲ್ಲ. ಗಾಜಿನ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಎದ್ದವಳು ಮತ್ತೆ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತಳು.

“ಸ್ವಲ್ಪ ನೆನಪು ಮಾಡ್ಕೊಂಡು ಹೇಳ್ತೀರಾ ಅಮ್ಮ,” ಎಂದಳು. “ನಿಮ್ಮಮ್ಮ ಕಣ್ಣು ಉಜ್ಜಿಕೊಳ್ಳುವಾಗ, ಏನು ಚುಚ್ತಿದೆ ಅಂತಿದ್ರು?”